ಹೆಬ್ಬೆಟ್ಟು

ಬಾಷಾ ನಗರದ ಮಂಡಕ್ಕಿ ಭಟ್ಟಿಗಳ ಹೊಗೆ
ಇತ್ತ ಬಾಗುವ ಹೊತ್ತಿಗೆ
ಪಾಲಾಕ್ಷಾಚಾರ್ರು ಶಟರ್ ಎತ್ತುತ್ತಾರೆ.
ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಮುಖ.
'ಬಳಿ ತೆಗಿ. ವೇಲು ಮೊಳಿಗೆ ಹಾಕು.
ಗ್ಲೌಸು ಬ್ಯಾಡವ್ವಾ, ಅದು ಬೆರಳು ಕಾಯಂಗಿಲ್ಲ,
ಕರಕೊಂಡು ಹೋಗ್ತೈತಿ.'

ರೊಟ್ಟಿ ಮಣೆಯ ಅಂಚು ದುಂಡಗಾಗಬೇಕು.
ಡಿಸ್ಕಿಗೆ ಎರಡು ಮಗ್ಗುಲು:
ಎಡಗಡೆ ಇಳಿಯುತ್ತದೆ, ಮರವನ್ನು ಮೇಜಿಗೆ ಒತ್ತುತ್ತದೆ;
ಬಲಗಡೆ ಏಳುತ್ತದೆ, ಮುಖಕ್ಕೆ ಎಸೆಯುತ್ತದೆ.
ನಾನು ಎಡಗಡೆಯವಳು.

ಬೆಲ್ಟಿನ ಬೆನ್ನಿಗೆ ಬಾಣದ ಗುರುತು.
ಬದಲಿಸುವಾಗ ಕಿತ್ತ ಪ್ಲಗ್ಗು
ಕಣ್ಣೆದುರೇ ಬಿದ್ದಿರಬೇಕು.
ಬೇವಿನ ಹುಡಿ; ಮಾಸ್ಕ್ ಮರೆತ ದಿನ
ರಾತ್ರಿಯ ಅನ್ನವೂ ಕಹಿ.

ಒಮ್ಮೆ ಸ್ವಿಚ್ ಆರಿಸಿದೆ. ಸದ್ದು ಇಳಿಯಿತು.
ಡಿಸ್ಕು ನಿಂತಂತೆ ಕಂಡಿತು.
ಸಿಕ್ಕ ಚೂರಿಗೆ ಬೆರಳು ಚಾಚಿದೆ.
ಆಚಾರ್ರು ಕೂಗಲಿಲ್ಲ,
ನನ್ನ ಕೈಗಿಂತ ಮುಂಚೆ ಒಂದು ಕಡ್ಡಿ ತಗುಲಿಸಿದರು.
ಸರ್ರ್.
ಕಡ್ಡಿಗೆ ತುದಿಯಿಲ್ಲ.

ಶನಿವಾರ ರೇಷನ್ ಅಂಗಡಿಯ ಸಾಲಿನಲ್ಲಿ
ನನ್ನ ಮುಂದೆ ಅವರೇ.
ಗಾಜಿನ ಮೇಲೆ ಬಲ ಹೆಬ್ಬೆಟ್ಟು
ಒತ್ತುತ್ತಾರೆ, ಪಂಚೆಗೆ ಒರೆಸುತ್ತಾರೆ, ಮತ್ತೆ ಒತ್ತುತ್ತಾರೆ.
ಯಂತ್ರ ಒಪ್ಪುವುದಿಲ್ಲ.
'ಎಂಬತ್ತನೇ ನಂಬರ್ ಕಾಗದ, ತಂಗಿ.
ಮಣಿ ಜೊತಿಗೆ ನನ್ನೂ ನುಣ್ಣಗೆ ಮಾಡಿತ್ತು'
ಎಂದು ಎಡಗೈ ಕೊಡುತ್ತಾರೆ.

ನನ್ನದಕ್ಕೆ ಮೊದಲ ಸಲಕ್ಕೇ ಹಸಿರು ದೀಪ.
ಅಕ್ಕಿ ಅಳೆಯುತ್ತಿದ್ದರು,
ನಾನು ಹೆಬ್ಬೆಟ್ಟು ನೋಡುತ್ತ
ಚೀಲದ ಬಾಯಿ ಹಿಡಿಯುವುದನ್ನೇ ಮರೆತೆ.

ಸೋಮವಾರ,
ಡಿಸ್ಕು ನಿಲ್ಲುವವರೆಗೆ ಹದಿನೇಳು ಎಣಿಸಿದೆ.
ಆಮೇಲೆ ಇನ್ನೂ ಎರಡು.