ಇದೂ ಅದೂ ಒಂದೇ ಏನು

ಕಂದಾಯದ ಕಡತದಲ್ಲಿ ಅದು 'ಬಾವಡಿ',
ಸರ್ವೆ ನಂಬರು ಅರವತ್ತೆರಡರ ಪೈಕಿ.
ನಿಜಾಮನ ಕಾಲದ ಕಾಗದ, ತುಕ್ಕಿನ ಬಣ್ಣದ ಉರ್ದು;
ಓದಿಕೊಟ್ಟವರು ರಿಟೈರಾದ ಮಾಸ್ತರರು ಖಮರುದ್ದೀನ್,
ಕನ್ನಡಕ ಹಣೆಗೇರಿಸಿ, ಬೆರಳಿನಿಂದ.
ಅಂತರ್ಜಲದವರಿಗೆ ಅದು ತೆರೆದ ಬಾವಿ, ವ್ಯಾಸ ಹದಿನಾಲ್ಕು ಅಡಿ.
ಆರೋಗ್ಯದವರಿಗೆ ಅಸುರಕ್ಷಿತ ಮೂಲ, ಕೆಂಪು ಬಣ್ಣ ಬಳಿದಿದೆ.
ಪ್ರಾಚ್ಯವಸ್ತುವಿನವರಿಗೆ ಬಾವಿಯೇ ಅಲ್ಲ,
ಸುರಂಗದ ನೀರಿಗೆ ಬಿಟ್ಟ ಗಾಳಿಗಂಡಿ, ಒಂಬತ್ತನೆಯದು.
ಪಂಚಾಯತಿಗೆ ಬರೀ ತೆಗ್ಗು:
ಬೇಲಿ ಹಾಕತಕ್ಕದ್ದು, ಅಂದಾಜು ನಲವತ್ತೆಂಟು ಸಾವಿರ.

ಬೀದರಿನ ಈ ಎರಡನೇ ಮಹಡಿಯಲ್ಲಿ ನನ್ನ ಕೆಲಸ
ಇವರನ್ನೆಲ್ಲ ಒಂದು ಮಾತಿಗೆ ತರುವುದು.
ಪ್ರತಿ ಸಂಗತಿಗೂ ಮೂರೇ ಪದ:
ಯಾವುದು, ಏನಾಗಬೇಕು, ಯಾವುದಕ್ಕೆ.
ಮದುವೆಮನೆಯ ಮುದುಕಿಯರು ಗದ್ದ ಹಿಡಿದು ಕೇಳುವ ಹಾಗೆ,
'ಇಕಿ ನಿನಗ ಏನಾಗಬೇಕು?'
ಬಾವಿ ಊರಿಗೆ ಏನಾಗಬೇಕು,
ಜಂಬಿಟ್ಟಿಗೆ ಕಲ್ಲು ನೀರಿಗೆ ಏನಾಗಬೇಕು.
ಸಂಬಂಧಗಳ ಪಟ್ಟಿ ದೂರದಿಂದ ಬಂದಿದೆ, ಜಗತ್ತು ಒಪ್ಪಿದ ಪಟ್ಟಿ:
ಒಳಗಿದೆ, ಭಾಗವಾಗಿದೆ, ಮೊದಲು ಹೀಗಿತ್ತು.
ಎಲ್ಲಕ್ಕಿಂತ ಸಲೀಸಾದದ್ದು 'ಅದೇ ಇದು'.
ಒಮ್ಮೆ ಬರೆದರೆ ಮುಗಿಯಿತು,
ಒಬ್ಬರ ಮಾತೆಲ್ಲ ಇನ್ನೊಬ್ಬರ ಬಾಯಿಗೆ.

ಯಂತ್ರ ಹೇಳಿತು: ೪೧೭ ಮತ್ತು ೪೧೮,
ಅಕ್ಷಾಂಶ ರೇಖಾಂಶ ನಾಲ್ಕನೇ ದಶಾಂಶದವರೆಗೂ ಒಂದೇ,
ನೀರಿನ ಫ್ಲೋರೈಡೂ ಒಂದೇ.
ಎರಡು ಸಲ ದಾಖಲಾಗಿದೆ. ಕೂಡಿಸಲೇ?
ಒಂದು ಗುಂಡಿ ಒತ್ತುವುದಿತ್ತು.
ಯಾಕೋ, ಔರಾದ ಬಸ್ಸು ಹತ್ತಿದೆ.

ಘಾಳೆಮ್ಮ ತೊಗರಿ ಕಟ್ಟಿಗೆ ಮುರಿಯುತ್ತಿದ್ದಳು.
ಫೋನು ತೋರಿಸಿದೆ, ಚುಕ್ಕಿಯ ಮೇಲೊಂದು ಚುಕ್ಕಿ.
'ಇದೂ ಅದೂ ಒಂದೇ ಏನು, ಆಯಿ?'
ನಗಲಿಲ್ಲ. ಸೆರಗು ಕೊಡವಿ ಎದ್ದಳು.

ಬಾವಿಗೆ ರಾಟಿ ಇತ್ತು, ಹಗ್ಗ ಕೊರೆದ ಗೆರೆಗಳಿದ್ದವು.
ಅದನ್ನು ದಾಟಿ ನಡೆದು ಚಪ್ಪಟೆ ಬಂಡೆಯ ಮುಂದೆ ನಿಂತಳು.
ಕೊಡ ಕೂತು ಕೂತು ಬಂಡೆಯ ಮೈ ತುಂಬ ಗುಣಿ.
'ಅದು ಬಾವಿ. ಇದು ನಮ್ದು.'
'ಇದು ಕಲ್ಲಲ್ಲ?'
'ಹೂಂ. ಇಲ್ಲಿ ಕೊಡ ಇಟ್ಟು ಕೂಡಬೇಕು.
ಯಾರರ ಮನಸು ಬಂದು ಸೇದಿ ಸುರೀಬೇಕು.
ಲೆಕ್ಕದವ ಬಂದು ಕೇಳ್ದ, ನೀರು ಎಲ್ಲಿಂದ ತರ್ತೀರಿ ಅಂತ.
ಇದನ್ನ ತೋರ್ಸಿದೆ. ಬರಕೊಂಡ.
ನೀರಂದ್ರ ನಮಗ ಮ್ಯಾಲಿಂದ ಬೀಳೂದು,
ತೆಳಗಿಂದ ಬರೂದಲ್ಲ.'

ಬಂಡೆಯಿಂದ ಬಾವಿಗೆ ಹನ್ನೊಂದು ಹೆಜ್ಜೆ.
ನಾಲ್ಕನೇ ದಶಾಂಶಕ್ಕೆ ಕಾಣುವುದಿಲ್ಲ.

ಮರಳಿ ಬಂದು ಪಟ್ಟಿ ಜಾಲಾಡಿದೆ.
'ಸಮೀಪದಲ್ಲಿದೆ' ಎಂದರೆ ಸುಳ್ಳು.
'ಬಳಸುತ್ತಾರೆ' ಇನ್ನೂ ದೊಡ್ಡ ಸುಳ್ಳು.
ನಾನೇ ಒಂದು ಹುಟ್ಟಿಸಿದೆ: 'ಕಂಡೂ ಸೇದಲಾಗದ್ದು'.
ಯಾರಿಂದ ಯಾವುದಕ್ಕೆ? ಕೇಳಿತು ಯಂತ್ರ.
ಮನುಷ್ಯರಿಂದ ಬಾವಿಗೆ.
ಯಾವಾಗಿನವರೆಗೆ?
ನಳ ಬಂದ ವರ್ಷ ಬರೆದೆ, ಅಳಿಸಿದೆ, ಖಾಲಿ ಬಿಟ್ಟೆ.
ಇದರ ತಿರುಗುಮಾತೇನು?
ಎಲ್ಲ ಸಂಬಂಧಕ್ಕೂ ತಿರುಗುಮಾತು ಇರಬೇಕಂತೆ,
ತಾಯಿಗೆ ಮಗಳು, ಕೊಟ್ಟದ್ದಕ್ಕೆ ಪಡೆದದ್ದು.
'ಸೇದಗೊಡದವರು', ಬರೆದೆ.
ಅಲ್ಲೊಂದು ಹೆಸರು ಬೇಕು.
ಹೆಸರಿಲ್ಲದಿದ್ದರೆ ಖಾಲಿ ಗಂಟು ಹಾಕಬಹುದು;
ಇದ್ದಾರೆ, ಯಾರೆಂದು ಹೇಳಿಲ್ಲ ಎಂದು ಅದರ ಅರ್ಥ.

ಆದರೆ ಘಾಳೆಮ್ಮ ಹೇಳಿದ್ದಳು,
ಗುಣಿಯಲ್ಲಿ ಬೆರಳಾಡಿಸುತ್ತ, ಐದು ಮನೆತನ,
ಯಾರಿಗೆ ಯಾರು ಏನಾಗಬೇಕು ಎಂಬುದನ್ನೂ ಬಿಡದೆ.
ನಾಲ್ಕು ಇಂದಿಗೂ ಆ ಊರಿನ ಮತದಾರರ ಪಟ್ಟಿಯಲ್ಲಿವೆ.
ಐದನೆಯದು ನನ್ನ ಅಜ್ಜಿಯ ತವರಿನದು.

ಸಂಜೆ ಆರಕ್ಕೆ ಕರೆಂಟು ಹೋಯಿತು.
ಬ್ಯಾಟರಿಯ ಮೇಲೆ ಯಂತ್ರ ಮತ್ತೊಮ್ಮೆ ಕೇಳಿತು,
೪೧೭, ೪೧೮, ಕೂಡಿಸಲೇ?
'ಬೇಡ' ಒತ್ತಿದೆ.
ಕಾರಣ ಬರೆಯಲು ಜಾಗ ನಲವತ್ತು ಅಕ್ಷರಕ್ಕೆ.
ಹನ್ನೊಂದು ಹೆಜ್ಜೆ, ಎಂದಷ್ಟೇ ಬರೆದೆ.
ಉಳಿದ ಜಾಗದಲ್ಲಿ
ಅಜ್ಜಿಯ ತವರಿನ ಹೆಸರು ಸರಿಯಾಗಿ ಹಿಡಿಯುತ್ತಿತ್ತು.