ಮಹಾಪ್ರಾಣ

ಅಂಗೈ ಬಾಯಿಗೆ ಹಿಡಿದು 'ಧ' ಅನ್ನಿ,
ಗಾಳಿ ತಾಗದಿದ್ರೆ ಅದು ಬರೀ 'ದ' —
ಚೇಳೂರಿನ ಹೈಸ್ಕೂಲಲ್ಲಿ ಗಂಗುಲಪ್ಪ ಮೇಷ್ಟ್ರು
ಮನೆಯಲ್ಲಿ ತೆಲುಗಾಡಿ ಬಂದ ನಲವತ್ತೆರಡು ಬಾಯಿಗಳಿಂದ
ಹೀಗೆ ಉಸಿರು ಹೊರಡಿಸುತ್ತಿದ್ದರು.
ಅಂಗೈಗೆಲ್ಲ ಹಸಿ ಕಡಲೆಕಾಯಿ ವಾಸನೆ.
ನನ್ನನ್ನು ಎಬ್ಬಿಸಿ ಒಮ್ಮೆ:
'ಭಾಷೆಗೆ ಹೊಟ್ಟೆ ಸೀಳಬೇಕು ಬಾಷಾ,
ನಿನ್ನ ಹೆಸರಿಗೆ ಬೇಡ. ನೀನು ಬಚಾವ್.'

ರಾಜೀನಾಮೆ ಕೊಟ್ಟು ಎಲೆಕ್ಷನ್ನಿಗೆ ನಿಂತ ವರ್ಷ
ಬಾಗೇಪಲ್ಲಿಯ ಪ್ರೆಸ್ಸಿಂದ ಬಂದ ಮೂರು ಸಾವಿರ ಕರಪತ್ರದಲ್ಲೂ
'ವಿದಾನಸಬೆ'.
ಹೀಗೇ ಹಂಚೋದು ಬೇಡ ಅಂದರು.
ಅವರ ಪಡಸಾಲೆಯಲ್ಲಿ, ಬಲ್ಬಿನ ಕೆಳಗೆ, ಬೆಳಗಾಗುವ ತನಕ
ಹನ್ನೊಂದು ಮಂದಿ ಹಳೇ ವಿದ್ಯಾರ್ಥಿಗಳು
ಕೆಂಪು ಪೆನ್ನಲ್ಲಿ ಹೊಟ್ಟೆ ಸೀಳಿದೆವು,
ಹಾಳೆಗೆ ಎರಡರಂತೆ.
ಗೆದ್ದರು.

ನಾನು ಜೀಪಿನ ಡ್ರೈವರಾದೆ.
ಅರ್ಜಿ ತಂದವರನ್ನು ಎದುರು ಕೂರಿಸಿ
ಮೊದಲು ಕಾಗುಣಿತ ತಿದ್ದೋರು, ಆಮೇಲೆ ಸಹಿ.
ಬೋರ್‌ವೆಲ್ಲು, ವಿಧವಾ ವೇತನ, ಸ್ಮಶಾನಕ್ಕೆ ದಾರಿ.
ಒಬ್ಬ ಮುದುಕಿ ಗದರಿದಳು:
'ನೀಳ್ಳು ಕೇಳಿದ್ರೆ ಮಾರ್ಕು ಹಾಕ್ತೀಯ ಸಾಮಿ!'
ನಕ್ಕು, ಅವಳ ಅರ್ಜಿಯನ್ನು ತಾವೇ ಹೊಸದಾಗಿ ಬರೆದರು.

ಗಡಿಶಾಲೆಗಳಿಗೆ ಮೇಷ್ಟ್ರಿಲ್ಲ ಅಂತ ಸದನದಲ್ಲಿ ಎದ್ದು ನಿಂತ ದಿನ
ನನಗೂ ಗ್ಯಾಲರಿ ಪಾಸು ಕೊಡಿಸಿದ್ದರು.
ನಾಲ್ಕನೇ ನಿಮಿಷಕ್ಕೆ ಗಂಟೆ ಬಾರಿಸಿತು.
ಮಿಕ್ಕವರು ಗಂಟೆಯ ಮೇಲೆ ಗಂಟಲೇರಿಸುತ್ತಾರೆ;
ಇಪ್ಪತ್ತಾರು ವರ್ಷ ಗಂಟೆಗೆ ಪಾಠ ನಿಲ್ಲಿಸಿದ ಮನುಷ್ಯ
ವಾಕ್ಯದ ನಡುವೆ, ಕ್ರಿಯಾಪದ ಬರುವ ಮೊದಲೇ,
ಕೂತುಬಿಟ್ಟರು.

ಇದನ್ನೂ ಹೇಳಬೇಕು.
ಬಿಸಿಯೂಟದ ಮೊಟ್ಟೆ ಲೆಕ್ಕ ಕೇಳಿದ ಸರಸಮ್ಮ ಟೀಚರನ್ನು
ಶಿಡ್ಲಘಟ್ಟದಾಚೆ ಎತ್ತಿ ಹಾಕುವ ಪತ್ರ —
ಕಂಟ್ರಾಕ್ಟರನ ಕಡೆಯವರು ಬರೆಸಿ ತಂದದ್ದು,
ಸಾಲಿಗೊಂದು ತಪ್ಪು.
ಜೀಪಿನ ಬಾನೆಟ್ಟಿನ ಮೇಲಿಟ್ಟು
ಒಂದಕ್ಷರ ತಿದ್ದದೆ ಸಹಿ ಹಾಕಿದರು.
ಪೆನ್ನು ಕೊಟ್ಟವನು ನಾನೇ.
ಮನೆ ಮುಟ್ಟುವ ತನಕ ಇಬ್ಬರಿಗೂ ಮಾತಿಲ್ಲ.

ಎರಡನೇ ಸಲ ಮುನ್ನೂರ ಹದಿನೇಳು ಮತಕ್ಕೆ ಹೋಯಿತು.
ಎಣಿಕೆ ನಡೆದ ಕಾಲೇಜಿನ ಹೊರಗೆ, ಹುಣಸೆಯ ಕೆಳಗೆ,
ಕವರು ಹಂಚಲಿಲ್ಲ, ಅದಕ್ಕೇ ಅಂತ ಹುಡುಗರು ಕೂಗಾಡುತ್ತಿದ್ದರು.
ಮೇಷ್ಟ್ರು ಚಪ್ಪಲಿಯ ಮಣ್ಣು ಒದರಿ ಅಂದದ್ದು ಇಷ್ಟೇ:
'ಸರಸಮ್ಮನ ನೆಂಟರೇ ಅಷ್ಟು ಜನ ಇದ್ದಾರೆ, ಬಿಡ್ರೋ.'

ಹೋದ ಸೋಮವಾರ ಅವರನ್ನು ಸ್ಕೂಲಿಗೆ ಕರೆದೊಯ್ದೆ,
ನನ್ನ ಟೆಂಪೋದಲ್ಲಿ, ಟೊಮೆಟೊ ಕ್ರೇಟುಗಳ ಮುಂದೆ.
ಅವರ ಕಾಲದಲ್ಲಿ ಎದ್ದ ಎರಡು ಕೋಣೆ.
ಗೋಡೆಯ ಕಪ್ಪು ಕಲ್ಲಲ್ಲಿ ಅವರ ಹೆಸರು, ಅದರ ಕೆಳಗೆ
'ಶಾಸಕರ ನಿದಿಯಿಂದ'.
ಉದ್ಘಾಟನೆಯ ದಿನ ಚೆಂಡುಹೂವಿನ ಹಾರ ಮುಚ್ಚಿತ್ತಂತೆ;
ಹನ್ನೆರಡು ವರ್ಷ ಯಾರೂ ಹೇಳಿರಲಿಲ್ಲ.
ಚಾಕ್‌ಪೀಸಿಗೆ ಜೇಬು ತಡಕಿದರು.
ಸಿಗದೆ, ಹೆಬ್ಬೆರಳ ಉಗುರಿಂದ ಆ 'ದಿ'ಯ ಅಡಿಗೆ ಗೀಚಿದರು.
ಗ್ರಾನೈಟು.

ವಾಪಸು ಹತ್ತುವಾಗ ಟೆಂಪೋದ ಹಿಂದೆ ಒಂದು ಗಳಿಗೆ ನಿಂತರು.
ಚಿಂತಾಮಣಿಯ ಪೇಂಟರು ಹಳದಿಯಲ್ಲಿ ಬರೆದಿದ್ದಾನೆ: 'ಭಾಷಾ'.
ಅಳಿಸಿಬಿಡ್ಲಾ ಸಾರ್, ಅಂದೆ.
'ಇರಲಿ ಬಿಡೋ,
ಅಲ್ಲಿಂದ ಓಡಿಹೋದದ್ದು
ಇಲ್ಲಿ ಬಂದು ಕೂತಿದೆ.'