ಮಿಗಿಸಿದ ಜರಿ

ಗಾಳದ ಕತ್ತಿಗೆ ಮೊದಲು ಆಡಿನ ಬಿಳಿ ಕೂದಲು,
ಬೆನ್ನಿಗೆ ಹುಂಜದ ಒಂದೇ ಒಂದು ಗರಿ,
ಹೊಟ್ಟೆ ಮಿಂಚಬೇಕಲ್ಲ, ಅದಕ್ಕೆ ಜರಿ:
ಕೆಂಪಾಜಮ್ಮನ ಸೀರೆಗೆ ಕುಚ್ಚು ಕಟ್ಟುವಾಗ
ಮಿಗಿಸಿಕೊಂಡದ್ದು. ಎರಡಂಗುಲ, ಅಷ್ಟೇ.
ಕಣ್ಣಿಗೆ ಉಗುರುಬಣ್ಣದ ಚುಕ್ಕಿ.
ಒಣಗಲಿ.

ಮಹದೇವಪುರದ ಮಡುವಿನಂಚು, ಮೊಣಕಾಲ ನೀರು.
ಎಸೆದೆ. ಎಳೆ, ಬಿಡು.
ಎಳೆ, ಪೆಟ್ಟು ತಿಂದ ಸಸಲಿನ ಹಾಗೆ,
ಬಿಡು.
ನಿಜದ ಸಸಲುಗಳೇ ಬಂದು ಮೂಸಿದವು,
ಪಕ್ಕದಲ್ಲೇ ಈಜಿದವು ಸ್ವಲ್ಪ ದೂರ
ಹೊಸ ಸೊಸೆಗೆ ಬೀದಿ ತೋರಿಸುವಂತೆ.

ಆಮೇಲೆ ಒಮ್ಮೆಗೇ ಒಂದೂ ಇಲ್ಲ.

ನೀರು ಉಬ್ಬಿತು. ದಾರ ಬೆರಳು ಕೊಯ್ದು
ಹೋಯಿತು. ಬಾಳೆಮೀನೇ ಇರಬೇಕು.

ಶುಕ್ರವಾರ ಕೆಂಪಾಜಮ್ಮ ಸೆರಗು ಹರಡಿ ಎಣಿಸಿದರು:
"ಈ ಕುಚ್ಚು ಯಾಕಮ್ಮಿ ಸಣ್ಣಗದೆ?"
ಮಿಕ್ಕದ್ದು ಹೊಳೆಯೊಳಗೆ
ಒಬ್ಬರ ತುಟಿಯಲ್ಲಿದೆ ಅನ್ನಲೇ?